ನೂಲಿಗೆ ಹಚ್ಚಿದ ಹಿಂಡಿ

ನಮ್ಮ ಮೈಯ ಬಿಳಿ ರಕ್ತಕಣಗಳಿಗೆ ಕಣ್ಣಿಲ್ಲ, ಮೂಗಿಲ್ಲ. ಬಾಯಿರುಚಿ ಮಾತ್ರ ಜೋರು. ಒಗ್ಗದ ವಸ್ತು ಎದುರಿಗೇ ಬಂದು ಬಿದ್ದರೂ ಮುಖ ತಿರುಗಿಸಿಕೊಂಡು ಹೋಗಿಬಿಡುತ್ತವೆ. ಇಂಥ ಹಟಮಾರಿ ಕಣಗಳಿಗೆ ಪ್ಲಾಸ್ಟಿಕ್ ನೂಲನ್ನು ತಿನ್ನಿಸುವುದು ಹೇಗೆ? ಬನಹಟ್ಟಿಯ ಉಸಿರು ಕೇಂದ್ರದ ಡಾಕ್ಟರ್ ಕುಮುದಾ ಬಾಣಕಾರ ಆರು ವರ್ಷ ತಲೆ ಕೆಡಿಸಿಕೊಂಡದ್ದು ಈ ಒಂದೇ ಪ್ರಶ್ನೆಗೆ.

ಆ ಕಾಲಕ್ಕೆ ಊರಿನ ಮಗ್ಗಗಳಿಂದ ಹತ್ತಿಯ ನೂಲು ಹೆಚ್ಚುಕಡಿಮೆ ಮರೆಯಾಗಿತ್ತು. ಸಾವಿರಾರು ಮಗ್ಗಗಳು ಹಗಲಿಡೀ ಖಟಪಟ ಎನ್ನುತ್ತ ಪಾಲಿಯೆಸ್ಟರ್ ಸೀರೆ ನೇಯುತ್ತಿದ್ದವು. ಸೀರೆಯ ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೂಲಿನ ಚೂರುಗಳನ್ನೂ ಗಾಳಿಗೆ ಬಿಡುತ್ತಿದ್ದವು. ಅವು ನೇಕಾರರ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಠಿಕಾಣಿ ಹೂಡಿದವು. ದವಾಖಾನೆಯವರು ಈ ಕಾಯಿಲೆಗೆ ಮಾರುದ್ದದ ಹೆಸರು ಇಟ್ಟಿದ್ದರು. ಊರವರು ನೂಲುದಮ್ಮು ಎಂದರು, ಅದೇ ನಿಂತಿತು.

ಕುಮುದಾಳ ಮಾವ ಗುರುಸಿದ್ದಪ್ಪನಿಗೂ ಅದೇ ದಮ್ಮು. ನಲವತ್ತೆರಡು ವರ್ಷ ಮಗ್ಗ ನಡೆಸಿದ ಮನುಷ್ಯ. ಹಳೆಯ ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿಯ ತುದಿಗೆ ಒಂದು ಸಣ್ಣ ಕಣ್ಣು ಇರುತ್ತದೆ. ನೂಲಿನ ಎಳೆಯನ್ನು ಆ ಕಣ್ಣಿನೊಳಗಿಂದ ತರಬೇಕಾದರೆ ಬಾಯಿ ಹಚ್ಚಿ ಒಂದೇ ಉಸಿರಿಗೆ ಹೀರಬೇಕು. ದಿನಕ್ಕೆ ನೂರು ಸಲ ಹೀಗೆ ಹೀರಿ ಹೀರಿಯೇ ಅರ್ಧ ರೋಗ ಒಳಗೆ ಹೋಗಿತ್ತು. ಈಗ ಮಗ್ಗ ಬಿಟ್ಟಿದ್ದರೂ ಆತ ಒಂದು ಲಾಳಿಯನ್ನು ದಿಂಬಿನ ಹತ್ತಿರ ಇಟ್ಟುಕೊಂಡಿದ್ದ. ಸೊಸೆ ತೊಳೆದು ಕೊಟ್ಟ ಹತ್ತಿಯ ಎಳೆ ಹಾಕಿ ದಿನಾ ಮುಂಜಾನೆ ಕಟ್ಟೆಯ ಮೇಲೆ ಕೂತು ಒಮ್ಮೆ ಹೀರಿ ನೋಡುತ್ತಿದ್ದ. ಎಳೆ ಬರುತ್ತಿರಲಿಲ್ಲ. ನಾಲ್ಕೈದು ಸಲ ಹೀರಿ, ಕೆಮ್ಮಿ, ಕಣ್ಣೊರೆಸಿಕೊಂಡು ಲಾಳಿಯನ್ನು ಮತ್ತೆ ದಿಂಬಿನ ಹತ್ತಿರ ಇಡುತ್ತಿದ್ದ.

"ಎಳಿ ಬಂದ ದಿವಸ ನಾ ಆರಾಮ ಆದೆ ಅಂತ ತಿಳಕೋ ಕುಮುದಾ. ನಿನ್ನ ಮಷೀನಿನ ರಿಪೋರ್ಟ್ ನನಗ ಬ್ಯಾಡ," ಎನ್ನುತ್ತಿದ್ದ.

ಕುಮುದಾ ನಗುತ್ತಿದ್ದಳು. ಆದರೆ ಅವಳಿಗೆ ಗೊತ್ತಿತ್ತು, ಬೇಸಿಗೆಯೊಳಗೆ ದಾರಿ ಕಾಣದಿದ್ದರೆ ಈ ಮನೆಗೆ ಆಮ್ಲಜನಕದ ಸಿಲಿಂಡರ್ ಬರುತ್ತದೆ. ಒಮ್ಮೆ ಬಂದ ಸಿಲಿಂಡರ್ ತಿರುಗಿ ಹೋದದ್ದನ್ನು ಅವಳು ಯಾವ ಮನೆಯಲ್ಲೂ ಕಂಡಿರಲಿಲ್ಲ.

ದಸರೆಯ ಮುಂಚೆ ಒಂದು ದಿನ ಗುರುಸಿದ್ದಪ್ಪ ಪ್ರಯೋಗಾಲಯಕ್ಕೇ ಬಂದು ಕೂತ. ಸೊಸೆ ಏನು ಮಾಡುತ್ತಾಳೆಂದು ನೋಡದೆ ತನ್ನ ರಕ್ತ ಕೊಡುವುದಿಲ್ಲವೆಂದು ಹಟ. ಕುಮುದಾ ಆತನನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದಳು. ತಂತ್ರಜ್ಞ ಚನಮಲ್ಲಪ್ಪ ಗಾಜಿನ ಪಟ್ಟಿ ಸರಿಸಿಕೊಟ್ಟ. ಒಂದು ಬಿಳಿಕಣ ತೆವಳುತ್ತ ಬಂತು, ನೂಲಿನ ಚೂರನ್ನು ಮುಟ್ಟಿತು, ಜಾರಿ ಮುಂದೆ ಹೋಯಿತು.

"ಯಾಕ ತಿನ್ನವಲ್ದು ಅದು? ಹೊಟ್ಟಿ ತುಂಬೈತೇನ್ ಅದರದು?"

ಕುಮುದಾ ಯೋಚಿಸಿದಳು. ಈ ಪಾಠವನ್ನು ಅವಳು ದೊಡ್ಡ ದೊಡ್ಡ ಸಭೆಗಳಲ್ಲಿ ಮಾಡಿದ್ದಳು, ಆದರೆ ಮಾವನಿಗೆ ಎಂದೂ ಮಾಡಿರಲಿಲ್ಲ.

"ಮಾವಾರ, ನಿಮ್ಮ ಮುಂದ ಬರೇ ಒಣಾ ರೊಟ್ಟಿ ಇಟ್ರ ತಿಂತೀರೇನು?"

"ಯಾರ್ ತಿಂತಾರ? ಹಚ್ಕೊಳ್ಳಾಕ ಹಿಂಡಿ ಬೇಕು, ಚಟ್ನಿ ಬೇಕು, ಮ್ಯಾಲೆ ಎಣ್ಣಿ ಬೇಕು."

"ಈ ಕಣಕ್ಕೂ ಹಂಗs ನೋಡ್ರಿ. ರಕ್ತ ಹೆಪ್ಪುಗಟ್ಟಿದ ಮ್ಯಾಲೆ ತಿಳಿಯಾಗಿ ಉಳಿತೈತಲ್ಲ, ಅದಕ್ಕ ಸೀರಂ ಅಂತೀವಿ. ಅದರಾಗ ಕೆಲವು ಅಂಶ ಅದಾವ. ಹೊರಗಿನ ವಸ್ತು ಬಂತಂದ್ರ ಅವು ಹೋಗಿ ಅದಕ್ಕ ಮೆತ್ಕೊಂತಾವ. ಆಗ ಬಿಳಿಕಣಕ್ಕ ಅದು ತಿನ್ನೋ ಪದಾರ್ಥ ಅಂತ ಗೊತ್ತಾಗತೈತಿ. ರೋಗದ ಹುಳಕ್ಕ ಸೀರಂ ತಾನs ಹತ್ತತೈತಿ. ಪ್ಲಾಸ್ಟಿಕ್ ನೂಲಿಗೆ ಹತ್ತಂಗಿಲ್ಲ. ಅದಕ್ಕ ನಾವು ಒಂದು ಕೊಂಡಿ ಮಾಡೀವಿ. ಕೊಂಡಿಯ ಒಂದು ತುದಿ ನೂಲು ಹಿಡಿತೈತಿ, ಇನ್ನೊಂದು ತುದಿ ಸೀರಂ ಹಿಡಿತೈತಿ."

ಚನಮಲ್ಲಪ್ಪ ಕೊಂಡಿ ಬೆರೆಸಿದ ಸೀರಂನ ಒಂದು ಹನಿ ಬಿಟ್ಟ. ಗುರುಸಿದ್ದಪ್ಪ ಬಗ್ಗಿ ನೋಡಿದ. ಇನ್ನೊಂದು ಕಣ ಬಂತು, ಚೂರನ್ನು ಮುಟ್ಟಿತು, ನಿಂತಿತು. ಆಮೇಲೆ ಮೆಲ್ಲನೆ ಆ ಎಳೆಯನ್ನು ಒಳಗೆ ಎಳೆದುಕೊಳ್ಳತೊಡಗಿತು.

"ಏ... ಲಾಳಿ ಹೀರಿಧಂಗ ಹೀರಾಕತ್ತೈತಿ ಇದು!" ಎಂದು ಗುರುಸಿದ್ದಪ್ಪ ಕೂಗಿಬಿಟ್ಟ. "ಮುಂದ? ಅದು ಪ್ಲಾಸ್ಟಿಕ್ ಅರಗಿಸ್ಕೊಂತೈತೇನು?"

"ಅರಗಂಗಿಲ್ರಿ. ಹೊಟ್ಯಾಗ ಹೊತಗೊಂಡು ಗಂಟಲದ ಕಡೆ ಬರತೈತಿ. ನೀವು ಕೆಮ್ಮಿ ಉಗುಳಿದ್ರ ಅದರ ಸವಾರಿ ಹೊರಗ."

ಹೀಗೆ ಶುರುವಾಯಿತು. ನಲವತ್ತು ಮನೆಗಳ ನಲವತ್ತು ರೋಗಿಗಳು. ಪ್ರತಿ ಸೋಮವಾರ ಅವರ ರಕ್ತ ತೆಗೆದು, ಅವರದೇ ಸೀರಂಗೆ ಕೊಂಡಿ ಬೆರೆಸಿ, ಮೂರು ಸೀಸೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟು ಕೊಡುವುದು. ದಿನ ಬಿಟ್ಟು ದಿನ ಅವರು ಅದನ್ನು ತುಂತುರು ಯಂತ್ರಕ್ಕೆ ಹಾಕಿ ಉಸಿರಲ್ಲಿ ಒಳಗೆ ತೆಗೆದುಕೊಳ್ಳುವುದು. ಬರುವಾಗ ಮುಂಜಾನೆಯ ಕಫವನ್ನು ಒಂದು ಡಬ್ಬಿಯಲ್ಲಿ ತರುವುದು. ಅದರಲ್ಲಿ ನೂರಕ್ಕೆ ಎಷ್ಟು ಕಣ ನೂಲು ತಿಂದಿವೆ ಎಂದು ಕುಮುದಾ ಎಣಿಸುವುದು. ಸೀಸೆಯ ಮೇಲೆ ಕೆಂಪಕ್ಷರದಲ್ಲಿ ಒಂದೇ ಮಾತು: ತಣ್ಣಗೇ ಇಡಬೇಕು.

ಸೂಕ್ಷ್ಮದರ್ಶಕ ನೋಡಿದ ದಿನವೇ ಮನೆಗೆ ಹೋದ ಗುರುಸಿದ್ದಪ್ಪ ಹೆಂಡತಿ ಸಾವಂತ್ರೆವ್ವನಿಗೆ ಎಲ್ಲ ವರದಿ ಒಪ್ಪಿಸಿದ. ಸಾವಂತ್ರೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗ್ಯಾಸ್ ಇತ್ತು, ಕರೆಂಟಿನ ಒಲೆಯೂ ಇತ್ತು. ಆದರೆ ರೊಟ್ಟಿ ಮಾತ್ರ ಕಟ್ಟಿಗೆ ಒಲೆಯಲ್ಲೇ ಆಗಬೇಕು, ಬಡಿದದ್ದು ಹಂಚಿನಿಂದ ನೇರ ತಾಟಿಗೇ ಬೀಳಬೇಕು. ಆ ಮನೆಯಲ್ಲಿ ತಣ್ಣನೆಯ ತುತ್ತು ಉಂಡವರಿಲ್ಲ. ಸೊಸೆ ಪ್ರಯೋಗಾಲಯದಿಂದ ಎಷ್ಟು ತಡವಾಗಿ ಬಂದರೂ ಸಾವಂತ್ರೆವ್ವ ಎದ್ದು ಒಲೆಗೆ ಮತ್ತೊಂದು ಕಟ್ಟಿಗೆ ಇಡುತ್ತಿದ್ದಳು. "ಆರಿದ್ದು ತಿಂದ್ರ ಮೈಗೆ ಹತ್ತಂಗಿಲ್ಲ" ಎಂಬುದು ಆಕೆಯ ಶಾಸ್ತ್ರ.

"ಅಂದ್ರ ಸೀರಂ ಅಂದ್ರ ಹಿಂಡಿ ಇದ್ಧಂಗ ಅನ್ರಿ," ಎಂದಳು ಆಕೆ.

"ಹೌದ್ರಿ ಅತ್ತಿ, ಅಷ್ಟs ತಿಳಕೋರಿ," ಎಂದಳು ಆಗಲೇ ಬಂದು ಊಟಕ್ಕೆ ಕೂತಿದ್ದ ಕುಮುದಾ. ಇಷ್ಟು ಕಠಿಣ ವಿಷಯ ಒಲೆಯ ಮುಂದೆ ಇಷ್ಟು ಸಲೀಸಾಗಿ ಇಳಿಯಿತಲ್ಲ ಎಂದು ಅವಳಿಗೆ ಹಿಗ್ಗು. ಆ ಹಿಗ್ಗಿನಲ್ಲಿ ಎರಡು ರೊಟ್ಟಿ ಹೆಚ್ಚೇ ತಿಂದಳು.

ಮೊದಲ ಆರು ವಾರ ಎಲ್ಲ ನಲವತ್ತು ಮನೆಗಳಲ್ಲೂ ಎಣಿಕೆ ಏರಿತು. ನೂರಕ್ಕೆ ಮೂರು ಇದ್ದದ್ದು ಕೆಲವರಲ್ಲಿ ನಲವತ್ತಕ್ಕೆ ಹೋಯಿತು. ಗುರುಸಿದ್ದಪ್ಪನದು ಹತ್ತೊಂಬತ್ತಕ್ಕೆ ಬಂತು. ಒಂದು ಮುಂಜಾನೆ ಎಳೆಯ ತುದಿ ಲಾಳಿಯ ಕಣ್ಣಿನವರೆಗೂ ಬಂದು ಇಣುಕಿ ಒಳಗೆ ಹೋಯಿತಂತೆ. ಆ ದಿನ ಆತ ಓಣಿಯ ತುಂಬ ತಿರುಗಿ ಎಲ್ಲರಿಗೂ ಹೇಳಿ ಬಂದ.

ಕಾರ್ತೀಕ ಕಳೆದು ಚಳಿ ಬಿತ್ತು. ಅದೇ ಹೊತ್ತಿಗೆ ಹನ್ನೊಂದು ಮನೆಗಳಲ್ಲಿ ಎಣಿಕೆ ಇಳಿಯತೊಡಗಿತು. ಅದೂ ಒಂದೇ ಸಮನೆ. ಗುರುಸಿದ್ದಪ್ಪನದು ಹತ್ತೊಂಬತ್ತರಿಂದ ಹನ್ನೆರಡಾಯಿತು, ಆರಾಯಿತು, ನಾಲ್ಕಾಯಿತು. ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿ ಏನೂ ತೊಂದರೆ ಇಲ್ಲ. ಕುಮುದಾ ಮಂಜುಗಡ್ಡೆಯ ಡಬ್ಬಿಗಳನ್ನು ಪರೀಕ್ಷಿಸಿದಳು, ಕೊಂಡಿಯನ್ನು ಪರೀಕ್ಷಿಸಿದಳು, ತುಂತುರು ಯಂತ್ರಗಳನ್ನು ಬಿಚ್ಚಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಸಂಕ್ರಾಂತಿಗೆ ಎಂಟು ದಿನ ಇರುವಾಗ ಅವಳು ಆ ಹನ್ನೊಂದು ಹೆಸರುಗಳನ್ನು ಚನಮಲ್ಲಪ್ಪನ ಮುಂದೆ ಇಟ್ಟಳು.

"ಇವರು ಒಂದs ಓಣಿಯವರಲ್ಲ. ಒಂದs ಕಾರಖಾನೆಯವರೂ ಅಲ್ಲ. ಒಂದs ಬಾವಿ ನೀರು ಕುಡಿಯೋರೂ ಅಲ್ಲ. ಏನ್ ಸಂಬಂಧ ಇವರದು?"

ಚನಮಲ್ಲಪ್ಪ ಹೆಸರುಗಳ ಮೇಲೆ ಬೆರಳಾಡಿಸಿದ. ಬನಹಟ್ಟಿಯಲ್ಲೇ ಹುಟ್ಟಿ ಬೆಳೆದವನು. ಯಾರ ಮನೆಯ ಹೆಂಗಸು ಯಾರ ಮನೆಗೆ ಹೋಗುತ್ತಾಳೆ ಎಂಬುದು ಅವನಿಗೆ ಬಾಯಿಪಾಠ. ತಲೆ ಕೆರೆದುಕೊಂಡ, ಕಿಟಕಿಯ ಕಡೆ ನೋಡಿದ.

"ಮೇಡಂ, ಹೇಳಿದ್ರ ಸಿಟ್ಟಾಗಬ್ಯಾಡ್ರಿ. ಇವರ ಮನಿ ಹೆಣ್ಮಕ್ಕಳೆಲ್ಲಾ ಸಂಕ್ರಮಣದ ಸಜ್ಜಿ ರೊಟ್ಟಿ ಬಡಿಯಾಕ ಕೂಡತಾರಲ್ರಿ, ಆ ಕೂಟದಾಗಿನವರು."

"ಎಲ್ಲಿ ಕೂಡತಾರ?"

"ನಿಮ್ಮ ಮನ್ಯಾಗರಿ. ನಿಮ್ಮ ಅತ್ತಿಯವರ ಒಲಿ ಮುಂದ."

ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ. ಕುಮುದಾ ಕೋಟು ಬಿಚ್ಚಿಟ್ಟು ಮಟಮಟ ಮಧ್ಯಾಹ್ನದಲ್ಲಿ ಮನೆಗೆ ನಡೆದಳು.

ಮನೆಯ ಒಳಗೆಲ್ಲ ಎಳ್ಳಿನ ವಾಸನೆ. ಆರು ಜನ ಹೆಂಗಸರು ಸಾಲಾಗಿ ಕೂತು ಸಜ್ಜಿ ರೊಟ್ಟಿಗೆ ಎಳ್ಳು ಒತ್ತುತ್ತಿದ್ದರು. ಸಾವಂತ್ರೆವ್ವ ಒಲೆಯ ಮೇಲಿನ ಬೋಗುಣಿಯ ಮೇಲೆ ಬಗ್ಗಿದ್ದಳು. ಹೊಗೆಯಾಡುವ ನೀರಿನಲ್ಲಿ ಕೆಂಪಕ್ಷರದ ಒಂದು ಸೀಸೆ ನಿಂತಿತ್ತು. ಪಕ್ಕದಲ್ಲಿ ಅದನ್ನು ಸುತ್ತಿಡಲು ಹಳೆಯ ಕೌದಿಯ ತುಂಡು.

"ಅತ್ತಿ, ಇದೇನ್ ಮಾಡಾಕತ್ತೀರಿ?"

"ಬಂದಿ? ಚಲೋ ಆತು. ನೋಡವ್ವಾ, ನಿಮ್ಮ ಮಾವಾರು ಈ ಥಂಡ್ಯಾಗ ಆ ಮಂಜಿನಂಥಾದ್ದು ತಗೊಂಡ್ರ ಅರ್ಧ ತಾಸು ಕೆಮ್ಮತಾರ. ನನ್ನ ಕರಳು ಚುರುಕ್ ಅಂತೈತಿ. ಹಿಂಡಿ ಅಂದಿ ನೀನು. ಹಿಂಡಿ ರುಚಿ ಹತ್ತಬೇಕಂದ್ರ ಬಿಸಿ ಇರಬೇಕು. ಅದಕ್ಕ ಬೆರಳು ಸುಡೂವಷ್ಟು ನೀರಾಗ ಇಟ್ಟು, ಕೌದ್ಯಾಗ ಸುತ್ತಿ, ಆಮ್ಯಾಲೆ ಕೊಡ್ತೀನಿ. ಇವರಿಗೂ ಹೇಳೀನಿ, ಪಾಪ ಎಲ್ಲಾರೂ ಹಂಗs ಮಾಡತಾರ. ಕೆಮ್ಮು ನಿಂತsಬಿಟ್ಟೈತಿ."

ಹೆಂಗಸರೆಲ್ಲ ಹೌದೆಂದು ತಲೆ ಆಡಿಸಿದರು.

ಕುಮುದಾ ಸೀಸೆಯನ್ನು ಬೋಗುಣಿಯಿಂದ ಎತ್ತಿಕೊಂಡಳು. ಸೀರಂನಲ್ಲಿ ನೂಲಿಗೆ ಮೆತ್ತಿಕೊಳ್ಳುವ ಮುಖ್ಯ ಅಂಶ ಬಹಳ ನಾಜೂಕಿನದು. ಐವತ್ತಾರು ಡಿಗ್ರಿಯಲ್ಲಿ ಅರ್ಧ ತಾಸು ಇಟ್ಟರೆ ಸಾಕು, ಸತ್ತು ಹೋಗುತ್ತದೆ. ಆರು ವಾರದಿಂದ ಹನ್ನೊಂದು ಮನೆಯವರು ಉಸಿರಲ್ಲಿ ತೆಗೆದುಕೊಂಡದ್ದು ಬರೀ ನೀರು. ಬಾಯಿ ತಡೆಯಲಿಲ್ಲ.

"ಎಲ್ಲಾ ಹಾಳ ಮಾಡಿದ್ರಿ ಅತ್ತಿ! ಬಿಸಿ ಮಾಡಿದ್ರ ಅದು ಸಾಯತೈತಿ! ತಣ್ಣಗ ಇಡ್ರಿ ಅಂತ ಅಷ್ಟು ದೊಡ್ಡದಾಗಿ ಬರದದ್ದು ಕಾಣಲಿಲ್ಲೇನು? ಮಾವಾರ ಉಸಿರು ನೀವs ಕಸಗೊಂಡ್ರಿ!"

ರೊಟ್ಟಿ ಬಡಿಯುವ ಸದ್ದೂ ನಿಂತಿತು. ಸಾವಂತ್ರೆವ್ವ ಬೋಗುಣಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಎದ್ದು ಒಳಗೆ ಹೋದಳು.

ಕುಮುದಾ ಮಾವನ ಹತ್ತಿರ ಹೋದಾಗ ಆತ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಿಮಗ ಗೊತ್ತಿತ್ತಲ್ರಿ ಮಾವಾರ, ತಣ್ಣಗಿರಬೇಕು ಅಂತ. ಒಪ್ಪಿಗೆ ಕಾಗದಕ್ಕ ನೀವs ಸಹಿ ಮಾಡೀರಿ. ಯಾಕ ಹೇಳಲಿಲ್ಲ?"

"ಗೊತ್ತಿತ್ತು." ಆತ ಉಸಿರು ಎಳೆದುಕೊಂಡ. ಒಂದೊಂದು ಮಾತಿಗೂ ಈಗ ಒಂದೊಂದು ಉಸಿರು ಬೇಕಾಗುತ್ತಿತ್ತು. "ಮೂವತ್ತೊಂಬತ್ತು ವರ್ಷ ಆತು ಲಗ್ನ ಆಗಿ. ಆಕಿ ಬಿಸಿ ಮಾಡಿ ಕೊಟ್ಟದ್ದನ್ನ ಒಂದು ದಿವಸ ಒಲ್ಲೆ ಅಂದಿಲ್ಲ. ಬೆಳಕು ಹರಿಯೂಕ ಮುಂಚೆ ಎದ್ದು ನೀರು ಕಾಸತಿದ್ಲು. ಹೆಂಗ್ ಒಲ್ಲೆ ಅನ್ನಲಿ? ಔಷಧ ಕೆಲಸಾ ಮಾಡವಲ್ದು ಅಂತ ನನಗೂ ಅನಸ್ತು. ನೀ ಏನರ ಮಾಡ್ತೀ ಅಂತ ಸುಮ್ಮಕಾದೆ."

ಅವಳಿಗೆ ಬೈಯಬೇಕೆನಿಸಿತು, ಆಮೇಲೆ ಅಳು ಬಂತು. ಎರಡನ್ನೂ ಮಾಡದೆ ಆತನ ಹೊದಿಕೆ ಸರಿ ಮಾಡಿದಳು. ಹಿಂಡಿ ಎಂಬ ಮಾತನ್ನು ಆ ಮನೆಗೆ ತಂದವಳು ತಾನೇ ಎಂಬುದೂ ಆಗ ನೆನಪಾಯಿತು. ಹಿಂಡಿ ಎಂದು ಹೇಳಿ, ಯಾವ ಹಿಂಡಿ ಎಂದು ಹೇಳಿರಲಿಲ್ಲ.

ಮರುದಿನದಿಂದ ಹನ್ನೊಂದು ಮನೆಗಳಲ್ಲೂ ಸೀರಂ ಮತ್ತೆ ತಣ್ಣಗಾಯಿತು. ಬಾಣಕಾರರ ಮನೆಯಲ್ಲಿ ಸೀರಂ ಒಂದೇ ಅಲ್ಲ, ಎಲ್ಲವೂ ತಣ್ಣಗಾಯಿತು. ಸಾವಂತ್ರೆವ್ವ ನಸುಕಿನಲ್ಲೇ ಎಲ್ಲರ ರೊಟ್ಟಿ ಬಡಿದು, ಬುಟ್ಟಿಗೆ ಹಾಕಿ, ಒಲೆ ಆರಿಸಿಬಿಡುತ್ತಿದ್ದಳು. ಗಂಡನ ಔಷಧಿಯನ್ನು ಮುಟ್ಟುತ್ತಿರಲಿಲ್ಲ, ಅದರ ಡಬ್ಬಿ ಇದ್ದ ಕೋಣೆಗೂ ಕಾಲಿಡುತ್ತಿರಲಿಲ್ಲ. ಯಾರಾದರೂ ಚಹಾ ಕೇಳಿದರೆ ಮಗ, ಅಂದರೆ ಕುಮುದಾಳ ಗಂಡ, ವಿರೂಪಾಕ್ಷನಿಗೆ ಹೇಳುತ್ತಿದ್ದಳು. ಆತ ಮಗ್ಗದ ಲೆಕ್ಕದಲ್ಲಿ ಗಟ್ಟಿಗ, ಚಹಾದಲ್ಲಿ ಅಲ್ಲ. ಕುಮುದಾ ಮೂರು ಸಲ ತಪ್ಪೊಪ್ಪಿಕೊಂಡಳು. ಮೂರು ಸಲವೂ ಅತ್ತೆ, "ನೀ ಹೇಳಿದ್ದು ಖರೇನ ಐತಿ ಬಿಡವ್ವಾ," ಎಂದು ಎದ್ದು ಹೋದಳು. ಸಿಟ್ಟಾಗಿದ್ದರೆ ಕುಮುದಾ ಸಹಿಸಿಕೊಳ್ಳುತ್ತಿದ್ದಳು. ಅತ್ತೆಗೆ ಸಿಟ್ಟೇ ಇರಲಿಲ್ಲ.

"ಮನ್ಯಾಗ ಅಂಬಲಿ ಸೈತ ಥಣ್ಣಗ ಆಗೇತಿ," ಎಂದು ಗುರುಸಿದ್ದಪ್ಪ ಸೊಸೆಯ ಕಿವಿಯಲ್ಲಿ ಹೇಳಿದ. "ಈ ರೋಗಕ್ಕಿಂತ ಆಕಿ ಮುಖಾ ನೋಡೂದು ಕಠಿಣ ಆಗೇತಿ ನನಗ."

ಎರಡು ವಾರದಲ್ಲಿ ಹೆಚ್ಚಿನ ಮನೆಗಳ ಎಣಿಕೆ ಮತ್ತೆ ಏರಿತು. ಗುರುಸಿದ್ದಪ್ಪನದು ಮಾತ್ರ ಏಳಕ್ಕೆ ಬಂದು ನಿಂತಿತು. ಕುಮುದಾ ಆತನ ಸೀರಂ ಪೂರ್ತಿ ಪರೀಕ್ಷೆಗೆ ಹಾಕಿದಳು. ಕಾರಣ ತಿಳಿಯಿತು. ಆ ನಾಜೂಕಿನ ಅಂಶವನ್ನು ತಯಾರಿಸುವುದು ಯಕೃತ್ತು. ಹಿಂದೆ ಎರಡು ಸಲ ಕಾಮಾಲೆ ಬಂದು ಹೋಗಿದ್ದ ಮಾವನ ಯಕೃತ್ತು ಅದನ್ನು ಸಾಕಷ್ಟು ಮಾಡುತ್ತಲೇ ಇರಲಿಲ್ಲ. ಇದ್ದ ಸ್ವಲ್ಪವೂ ಮೊದಲ ಆರು ವಾರದಲ್ಲೇ ತೀರುತ್ತ ಬಂದಿತ್ತು. ಬಿಸಿ ಮಾಡಿರಲಿ, ಬಿಡಲಿ, ಆತನ ಎಣಿಕೆ ಇಳಿಯುವುದೇ ಇತ್ತು. ಈ ಮಾತನ್ನು ಅತ್ತೆಗೆ ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಅದರ ಇನ್ನೊಂದು ಅರ್ಥವೇನೆಂದರೆ ಮಾವನಿಗೆ ಕೊಡಲು ಅವಳ ಕೈಯಲ್ಲಿ ಈಗ ಏನೂ ಉಳಿದಿರಲಿಲ್ಲ. ಅವಳು ಸುಮ್ಮನಿದ್ದಳು. ಶಿವರಾತ್ರಿ ಹತ್ತಿರ ಬರುತ್ತಿತ್ತು. ದವಾಖಾನೆಯಿಂದ ಸಿಲಿಂಡರಿನ ಅರ್ಜಿ ತರಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದಳು.

ಆಗ ಚನಮಲ್ಲಪ್ಪ ಒಂದು ತಕರಾರು ತಂದ.

"ಮೇಡಂ, ಹಜರತಬಿ ಅಮ್ಮಾರ ಎಣಿಕೆ ತಪ್ಪೈತಿ ಅನಸತೈತ್ರಿ."

ಹಜರತಬಿ ಎಂದರೆ ಸಾವಂತ್ರೆವ್ವನ ಜೀವದ ಗೆಳತಿ, ಜೊತೆಗೆ ಪ್ರತಿಸ್ಪರ್ಧಿ. ಶೇಂಗಾ ಹಿಂಡಿ ಯಾರದು ಚಲೋ ಎಂದು ಇಬ್ಬರಿಗೂ ಮೂವತ್ತು ವರ್ಷದ ಜಗಳ. ಊರಿಗೆ ಪಾಲಿಯೆಸ್ಟರ್ ಬಂದ ಮೊದಲ ದಿನದಿಂದ ಅದನ್ನೇ ನೇಯ್ದವಳು. ಹನ್ನೊಂದು ಮನೆಗಳ ಪಟ್ಟಿಯಲ್ಲಿ ಅವಳೂ ಇದ್ದಳು.

"ಯಾಕ, ಇಳದೈತೇನು?"

"ಅಲ್ರಿ, ಏರೈತಿ. ಐವತ್ತೆರಡು! ಕಾಗದ ತಗದು ನೋಡಿದ್ರ, ಮದ್ಲ ಎಲ್ಲಾರಂಗ ಇಳದೈತಿ. ಆದ್ರ ಸಂಕ್ರಮಣದ ಮುಂದ ತಾನs ಏರಾಕ ಹತ್ತೈತಿ. ಮತ್ತ ಅಮ್ಮಾರು ನಿನ್ನೆ ಏನಂದ್ರ ಗೊತ್ತೇನ್ರಿ? ‘ಥಣ್ಣಗಿದ್ದದ್ದು ನನಗ ಆಗಂಗಿಲ್ಲಪ್ಪಾ, ನಾ ಇನ್ನೂ ಬಿಸಿನ ಮಾಡಿ ತಗೊಂತೀನಿ, ನಿಮ್ಮ ಮೇಡಂಗ ಹೇಳಬ್ಯಾಡ’ ಅಂದ್ರು."

ಕುಮುದಾ ಕುರ್ಚಿಯಿಂದ ಎದ್ದಳು. ಸತ್ತ ಸೀರಂ ಕೆಲಸ ಮಾಡುತ್ತಿದೆ ಎಂದರೆ ಅದರಲ್ಲಿ ಸಾಯದ್ದು ಏನೋ ಇದೆ.

ಅಂದು ಸಂಜೆಯವರೆಗೂ ಅವರಿಬ್ಬರೂ ಊಟ ಮರೆತು ಕೂತರು. ಹಜರತಬಿಯ ಸೀರಂ ತೆಗೆದು ಎರಡು ಪಾಲು ಮಾಡಿದರು. ಒಂದು ಪಾಲನ್ನು ಐವತ್ತಾರು ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿದರು. ಎರಡನ್ನೂ ಕೊಂಡಿ ಬೆರೆಸಿ ನೂಲಿನ ಚೂರಿನ ಮೇಲೆ ಬಿಟ್ಟರು. ತಣ್ಣನೆಯ ಪಾಲಿನಲ್ಲಿ ಬಿಳಿಕಣಗಳು ನೂಲು ತಿಂದವು. ಕಾಯಿಸಿದ ಪಾಲಿನಲ್ಲೂ ತಿಂದವು, ಸ್ವಲ್ಪ ಕಡಿಮೆ, ಅಷ್ಟೇ. ಬೇರೆಯವರ ಸೀರಂ ಕಾಯಿಸಿ ನೋಡಿದರು, ಕಣಗಳು ಮುಖ ತಿರುಗಿಸಿಕೊಂಡು ಹೋದವು.

ಕುಮುದಾಳಿಗೆ ನಗು ಬಂತು. ಉತ್ತರ ಅತ್ತೆಯ ಅಡಿಗೆಮನೆಯ ಹಲಗೆಯ ಮೇಲೆ ಸಾಲಾಗಿ ಕೂತಿತ್ತಲ್ಲ! ಕೊತ್ತಂಬರಿ ಚಟ್ನಿ ಅರೆದರೆ ಅಂದೇ ಉಣ್ಣಬೇಕು, ಸಂಜೆಗೆ ಹಳಸುತ್ತದೆ. ಶೇಂಗಾ ಹಿಂಡಿ ಹಾಗಲ್ಲ. ಕುಟ್ಟಿ ಡಬ್ಬಿಗೆ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ. ಸೀರಂನಲ್ಲಿಯೂ ಎರಡು ಬಗೆ. ಹುಟ್ಟಿನಿಂದ ಎಲ್ಲರಲ್ಲೂ ಇರುವ ಆ ನಾಜೂಕಿನ ಅಂಶ ಹಸಿ ಚಟ್ನಿ. ಇನ್ನೊಂದು, ಮೈ ಒಂದು ಶತ್ರುವನ್ನು ಮತ್ತೆ ಮತ್ತೆ ಕಂಡು, ಗುರುತು ಹಿಡಿದು, ಅದಕ್ಕೆಂದೇ ನಿಧಾನವಾಗಿ ತಯಾರಿಸುವ ಪ್ರತಿಕಾಯ. ಅದು ಒಣ ಹಿಂಡಿ. ಮೂರು ತಿಂಗಳು ಕೊಂಡಿ ಹಿಡಿದ ನೂಲನ್ನು ಕಂಡು ಕಂಡು ಹಜರತಬಿಯ ಮೈ ಅದನ್ನು ಕುಟ್ಟಿ ಇಟ್ಟುಕೊಂಡಿತ್ತು. ಸೀರಂ ತಣ್ಣಗೇ ಇದ್ದಿದ್ದರೆ ಎರಡೂ ಒಂದರಲ್ಲೊಂದು ಕಲೆತು ಯಾವುದು ಏನೆಂದು ಗೊತ್ತೇ ಆಗುತ್ತಿರಲಿಲ್ಲ. ಬಿಸಿ ಮಾಡಿ ಒಂದನ್ನು ಕೊಂದದ್ದಕ್ಕೇ ಇನ್ನೊಂದು ಕಣ್ಣಿಗೆ ಬಿತ್ತು.

ಹಜರತಬಿಯ ಹಿಂಡಿ ಗುರುಸಿದ್ದಪ್ಪನಿಗೆ ಕೊಡಬಹುದೇ? ಕುಮುದಾ ಪರಿಣತರ ಸಮಿತಿಗೆ ಬರೆದಳು, ಪರೀಕ್ಷೆಗಳನ್ನು ಮಾಡಿದಳು, ಹದಿನೈದು ದಿನ ಕಾದಳು. ಒಪ್ಪಿಗೆ ಒಂದು ಕಟ್ಟಳೆಯ ಜೊತೆ ಬಂತು. ಒಬ್ಬರ ಸೀರಂ ಇನ್ನೊಬ್ಬರಿಗೆ ಕೊಡುವಾಗ ಅದರ ಹಸಿ ಭಾಗ ಉಳಿಯಬಾರದು. ಉಳಿದರೆ ಅದು ಪರರ ಮೈಯೊಳಗೆ ಹೋಗಿ ಅಲ್ಲಿನ ಜೀವಕೋಶಗಳ ಮೇಲೇ ಏರಿ ಹೋಗಬಹುದು. ಆದ್ದರಿಂದ ಕೊಡುವ ಮುಂಚೆ ಬಿಸಿ ಮಾಡಲೇಬೇಕು.

ಆ ಸಾಲನ್ನು ಅವಳು ಎರಡು ಸಲ ಓದಿದಳು. ಪ್ರಯೋಗಾಲಯದಲ್ಲಿ ಅದಕ್ಕೆಂದೇ ಒಂದು ಪೆಟ್ಟಿಗೆ ಇತ್ತು. ಗುಂಡಿ ಒತ್ತಿದರೆ ಐವತ್ತಾರಕ್ಕೆ ನಿಲ್ಲುತ್ತಿತ್ತು. ಕುಮುದಾ ಗುಂಡಿ ಒತ್ತಲಿಲ್ಲ. ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು, ಒಂದು ಉಷ್ಣಮಾಪಕ ತೆಗೆದುಕೊಂಡು, ಹಜರತಬಿಯನ್ನೂ ಕರೆದುಕೊಂಡು ಮನೆಗೆ ಬಂದಳು.

ಸಾವಂತ್ರೆವ್ವ ಆರಿದ ಒಲೆಯ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಅತ್ತಿ, ಒಲಿ ಹಚ್ಚರಿ. ನೀರು ಕಾಸಬೇಕಾಗೇತಿ. ಇದನ್ನ ಬಿಸಿ ಮಾಡಬೇಕು."

ಸಾವಂತ್ರೆವ್ವ ಕೆಂಪಕ್ಷರದ ಸೀಸೆ ನೋಡಿ ಕೈ ಹಿಂದೆ ತೆಗೆದುಕೊಂಡಳು. "ಬ್ಯಾಡವ್ವಾ. ನನ್ನ ಕೈ ಅದಕ್ಕ ಹಚ್ಚಂಗಿಲ್ಲ. ಒಮ್ಮೆ ಮಾಡಿದ ಪಾಪ ಸಾಕು."

"ಪಾಪ ಮಾಡಿದಾಕಿ ನಾನು, ಅರ್ಧಾ ಹೇಳಿ ಬಿಟ್ಟಾಕಿ." ಕುಮುದಾ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಾವನ ಯಕೃತ್ತಿನ ಸಂಗತಿಯನ್ನೂ ಎರಡು ಬಗೆಯ ಹಿಂಡಿಯ ಸಂಗತಿಯನ್ನೂ ಈ ಸಲ ಒಂದನ್ನೂ ಬಿಡದೆ ಹೇಳಿದಳು. "ನೀವು ಬಿಸಿ ಮಾಡಿರದಿದ್ರ ಇದು ನನಗ ಇನ್ನೂ ಹತ್ತು ವರ್ಷ ಗೊತ್ತಾಗತಿದ್ದಿಲ್ಲ. ಮಾವಾರಿಗೆ ಇದs ಈಗ ಔಷಧ. ಬಿಸಿ ಮಾಡಿದ್ರ ಅಷ್ಟs ಔಷಧ."

ಸಾವಂತ್ರೆವ್ವ ಸೊಸೆಯ ಮುಖ ನೋಡಿದಳು. ತನ್ನನ್ನು ಸಮಾಧಾನ ಮಾಡಲು ಕಟ್ಟಿದ ಮಾತೋ ಎಂದು ಅನುಮಾನ.

"ನನ್ನ ಮ್ಯಾಲೆ ಆಣಿ ಮಾಡು."

"ನಿಮ್ಮ ಮ್ಯಾಲೆ ಆಣಿ."

"ಯಾರದು ಇದು?"

"ನಂದು," ಎಂದಳು ಹಜರತಬಿ, ಬಾಗಿಲಲ್ಲೇ ನಿಂತು. "ಮೂವತ್ತು ವರ್ಷದಿಂದ ಹೇಳಾಕತ್ತೀನಿ, ಹಿಂಡಿ ಅಂದ್ರ ನಂದು ಅಂತ. ನಿನ್ನ ಸೊಸಿ ಮಷೀನು ಹಚ್ಚಿ ನೋಡಿ ಈಗ ಒಪ್ಯಾಳ."

ಸಾವಂತ್ರೆವ್ವನ ಕಣ್ಣು ತುಂಬಿತು. "ಬಾಯಿ ನೋಡು ಇಕಿದು," ಎಂದು ಬೈದಳು. ಬೈಯುತ್ತಲೇ ಎರಡು ಕಟ್ಟಿಗೆ ಇಟ್ಟು ಒಲೆ ಊದಿದಳು. ನೀರಿಗೆ ಬೆರಳು ಅದ್ದಿ, "ಈಗ ಆತು ನೋಡು," ಎಂದಳು. ಕುಮುದಾ ಮಾಪಕ ಇಳಿಸಿದಳು. ಐವತ್ತೇಳು. ಒಂದೇ ಒಂದು ಡಿಗ್ರಿ ಹೆಚ್ಚು. ಆಮೇಲೆ ಅರ್ಧ ತಾಸು ಮೂವರೂ ಆ ಬೋಗುಣಿಯನ್ನು ಬಿಟ್ಟು ಏಳಲಿಲ್ಲ.

ಗುರುಸಿದ್ದಪ್ಪ ತುಂತುರು ಎಳೆದುಕೊಂಡು, ಕೆಮ್ಮದೆ, "ಹಾಂ, ಇದು ನಮ್ಮ ಮನಿದು ಅನಸತೈತಿ," ಎಂದ.

ಮೊದಲ ಸೋಮವಾರ ಆತನ ಎಣಿಕೆ ಒಂಬತ್ತು, ಎರಡನೆಯದಕ್ಕೆ ಹದಿನೇಳು, ನಾಲ್ಕನೆಯದಕ್ಕೆ ಮೂವತ್ತಮೂರು. ಮಾವನ ಶ್ವಾಸಕೋಶ ಹೊಸದಾಗಲಿಲ್ಲ, ಆಗುವುದೂ ಇಲ್ಲ. ಗಾಯವಾದ ಜಾಗ ಗಾಯವಾಗಿಯೇ ಉಳಿಯುತ್ತದೆ. ಆದರೆ ಕುಮುದಾ ಮೇಜಿನ ಖಾನೆಯಲ್ಲಿದ್ದ ಸಿಲಿಂಡರಿನ ಅರ್ಜಿಯನ್ನು ಹರಿದು ಹಾಕಿದಳು. ಮಂಜುಗಡ್ಡೆ ಮುಟ್ಟಲಾರದ ಹಳ್ಳಿಗಳಿಗೂ ಕಾಯಿಸಿದ ಸೀರಂ ಕಳಿಸಬಹುದೆಂದು ಚನಮಲ್ಲಪ್ಪ ಆಗಲೇ ಡಬ್ಬಿ ಎಣಿಸತೊಡಗಿದ್ದ. ಹನ್ನೊಂದು ಮನೆಯ ಹೆಂಗಸರಿಗೆ ಮಾಪಕ ನೋಡುವುದನ್ನು ಕಲಿಸುವ ಕೆಲಸ ಸಾವಂತ್ರೆವ್ವನದಾಯಿತು. ಮಾಪಕ ಯಾಕೆ, ಬೆರಳು ಸಾಲದೇ ಎಂದು ಆಕೆ ಪ್ರತಿಸಲವೂ ಜಗಳ ತೆಗೆಯುತ್ತಾಳೆ.

ಯುಗಾದಿಯ ಮುಂಚಿನ ಒಂದು ಮುಂಜಾನೆ ಕುಮುದಾ ಹಲ್ಲುಜ್ಜುತ್ತ ಹೊರಗೆ ಬಂದಾಗ ಗುರುಸಿದ್ದಪ್ಪ ಕಟ್ಟೆಯ ಮೇಲೆ ಲಾಳಿ ಹಿಡಿದು ಕೂತಿದ್ದ. ಒಮ್ಮೆ ಹೀರಿದ. ಎಳೆ ಅಲುಗಿತು. ಇನ್ನೊಮ್ಮೆ ಹೀರಿದ. ಕಣ್ಣು ಮುಚ್ಚಿ, ಗಲ್ಲ ಒಳಗೆ ಹೋಗುವಂತೆ ಮೂರನೆಯ ಸಲ ಹೀರಿ, ಆತ ಅಲ್ಲಾಡದೆ ಕೂತುಬಿಟ್ಟ. ಲಾಳಿಯ ಕಣ್ಣಿನಿಂದ ಹೊರಗೆ ಬಂದ ಬಿಳಿ ಎಳೆ ಆತನ ತುಟಿಯ ಮೇಲಿತ್ತು. ಮಾತಾಡಿದರೆ ಜಾರಿ ಬಿದ್ದೀತೆಂದು ಬಾಯಿ ಬಿಡಲೊಲ್ಲ. ಎರಡೂ ಕೈ ಬೀಸಿ ಸೊಸೆಯನ್ನು ಕರೆದ. ಅಡಿಗೆಮನೆಯ ಕಡೆ ಬೆರಳು ಮಾಡಿ ಹೆಂಡತಿಯನ್ನು ಕರೆ ಎಂದು ಸನ್ನೆ ಮಾಡಿದ.

ಕರೆಯಬೇಕಾಗಲಿಲ್ಲ. ಸಾವಂತ್ರೆವ್ವ ತಾಟು ಹಿಡಿದು ಬಾಗಿಲಿಗೆ ಬಂದಿದ್ದಳು. ಗಂಡನ ತುಟಿಯ ಮೇಲಿನ ಎಳೆಯನ್ನು ನೋಡಿದಳು. ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು.

"ಬಾಯಾಗಿಂದ ಅದನ್ನ ತಗೀರಿ ಮದ್ಲ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ರೊಟ್ಟಿ ಆರತೈತಿ."